ಚಪ್ಪಲಿ ಕಳಚಿದ್ದು ಗೊತ್ತಾಗಲಿಲ್ಲ!

2019ರ ಜುಲೈ. ಮಳೆ ಸ್ವಲ್ಪ ಹೊಳವಾಗಿತ್ತು. ಅಡಿಕೆಗೆ ಮದ್ದು ಬಿಡುವವರು ಬಂದಿದ್ದರು. ತೋಡಿನ ಆಚೆ ಬದಿಯ ತೋಟಕ್ಕೆ ಹೋಗಿದ್ದವನು ಸಂಕ ದಾಟಿ ಮನೆಗೆ ವಾಪಸು ಬಂದೆ. ಜಗಲಿಯಲ್ಲಿ ನಿಂತಿದ್ದ ಮನೆಯವಳು ನನ್ನ ಕಾಲು ನೋಡಿ ಕೇಳಿದಳು, "ನಿಮ್ಮ ಇನ್ನೊಂದು ಚಪ್ಪಲಿ ಎಲ್ಲಿ?"

ಕೆಳಗೆ ನೋಡಿದೆ. ಎಡಗಾಲಿನಲ್ಲಿ ಚಪ್ಪಲಿ ಇಲ್ಲ! ಬಂದ ದಾರಿಯಲ್ಲೇ ಹುಡುಕುತ್ತಾ ಹೋದರೆ ಸಂಕದಿಂದಲೂ ಆಚೆ, ಕೆಸರಲ್ಲಿ ಹೂತು ಕೂತಿತ್ತು. ಅಂದರೆ ಅಷ್ಟು ದೂರ ಒಂದು ಕಾಲು ಬರಿಗಾಲು. ಕಲ್ಲು, ಮುಳ್ಳು, ಸಂಕದ ಅಡಿಕೆ ಮರದ ಜಾರು ಎಲ್ಲವನ್ನೂ ತುಳಿದು ಬಂದಿದ್ದೆ. ಕಾಲಿಗೆ ಗೊತ್ತೇ ಆಗಿರಲಿಲ್ಲ.

ಮನೆಯಲ್ಲಿ ನಗಾಡಿದರು. ನನಗೂ ನಗು ಬಂತು. ಆದರೆ ರಾತ್ರಿ ಮಲಗಿದ ಮೇಲೆ ಹೆದರಿಕೆಯಾಯಿತು. ಮಳೆಗಾಲದಲ್ಲಿ ನಮ್ಮ ತೋಡು ಎದೆಮಟ್ಟ ಹರಿಯುತ್ತದೆ. ಸಂಕಕ್ಕೆ ಆಗ ಕೈತಾಂಗು ಇರಲಿಲ್ಲ. ಕಾಲಿಗೆ ತಾನೆಲ್ಲಿ ಇದ್ದೇನೆಂದೇ ತಿಳಿಯದಿದ್ದರೆ ಆ ಸಂಕ ದಾಟುವುದು ಹೇಗೆ?

ನಾನು ಡಾಕ್ಟ್ರಲ್ಲ. ಪಿಯುಸಿವರೆಗೆ ಓದಿದ ಕೃಷಿಕ. ಆದರೂ ಈ ಕಾಲಿನ ಸಂಗತಿಯನ್ನು ಹಿಡಿದುಕೊಂಡು ನಾಲ್ಕೈದು ವರ್ಷದಲ್ಲಿ ಡಾಕ್ಟ್ರ ಬಾಯಿಯಿಂದ ಕೇಳಿದ್ದು, ಓದಿದ್ದು, ಅನುಭವಿಸಿದ್ದು ಒಂದಷ್ಟಿದೆ. ನರ, ಮಿದುಳು ಎಂದರೆ ನಾವು ದೊಡ್ಡ ಆಸ್ಪತ್ರೆಯ ವಿಷಯ ಅಂದುಕೊಳ್ಳುತ್ತೇವೆ. ಅವುಗಳ ಸುಖದುಃಖ ಬಹುಪಾಲು ತೀರ್ಮಾನವಾಗುವುದು ನಮ್ಮ ಅಡುಗೆಮನೆ, ಹಟ್ಟಿ, ತೋಟದ ಕೆಲಸ ಮತ್ತು ನಿದ್ದೆಯಲ್ಲಿ.

ಕಳೆದುಕೊಂಡ ಆರು ತಿಂಗಳು

ಚಪ್ಪಲಿ ಬೀಳುವುದಕ್ಕೆ ಆರು ತಿಂಗಳ ಹಿಂದಿನಿಂದಲೇ ಎರಡೂ ಪಾದದ ಬೆರಳುಗಳಲ್ಲಿ ಜೋಮು ಇತ್ತು. ಇರುವೆ ಹರಿದಂತೆ, ಕೆಲವೊಮ್ಮೆ ಬಟ್ಟೆ ಸುತ್ತಿಕೊಂಡು ನಡೆದಂತೆ. ಅಡಿಕೆ ಹೆಕ್ಕಿ, ಕುಕ್ಕರುಗಾಲಲ್ಲಿ ಕೂತು ಹೀಗಾಗಿದೆ ಎಂದುಕೊಂಡೆ. ನೆಂಟರೊಬ್ಬರು ಎಣ್ಣೆ ಕೊಟ್ಟರು, ಹಚ್ಚಿದೆ. ಇನ್ನೊಬ್ಬರು ಬೆನ್ನಿನ ಎಲುಬು ಸವೆದಿದೆ ಎಂದರು, ಅದನ್ನೂ ನಂಬಿದೆ. ಸುಸ್ತು ಎಂದು ಹೇಳಿದಾಗ ಒಂದು ಕಡೆ ರಕ್ತ ಹೆಚ್ಚುವ ಮಾತ್ರೆ ಕೊಟ್ಟರು. ಸುಸ್ತು ಸ್ವಲ್ಪ ಕಮ್ಮಿಯಾಯಿತು, ಜೋಮು ಮಾತ್ರ ಪಾದದಿಂದ ಗೆಣ್ಣಿಗೆ ಏರಿತು.

ಇನ್ನೊಂದು ಸೂಚನೆ ಬಚ್ಚಲಲ್ಲಿ ಸಿಕ್ಕಿತ್ತು. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಮೈ ಓಲಾಡುತ್ತಿತ್ತು. ಗೋಡೆ ಹಿಡಿದು ಮುಖ ತೊಳೆಯುವುದು ರೂಢಿಯಾಗಿತ್ತು. ಹೀಗೆ ರೂಢಿಯಾಗುವುದೇ ಅಪಾಯ, ಯಾಕೆಂದರೆ ಆಮೇಲೆ ಯಾರಲ್ಲೂ ಹೇಳಬೇಕೆಂದು ಅನಿಸುವುದಿಲ್ಲ.

ಚಪ್ಪಲಿಯ ಕತೆ ಕೇಳಿದ ಡಾಕ್ಟ್ರು ಮಾತ್ರ ನಗಲಿಲ್ಲ. ಕವೆಯಂಥ ಒಂದು ಕಬ್ಬಿಣವನ್ನು ತಟ್ಟಿ ಹೆಬ್ಬೆರಳ ಮೇಲಿಟ್ಟು, "ಅದುರುವುದು ಗೊತ್ತಾಗ್ತದಾ ಭಟ್ರೇ?" ಎಂದರು. ಇಲ್ಲ. ಗೆಣ್ಣಿನ ಮೇಲೂ ಇಲ್ಲ. ಮೊಣಕಾಲಲ್ಲಿ ಗೊತ್ತಾಯಿತು. ಕಾಲು ಜೋಡಿಸಿ ನಿಂತು ಕಣ್ಣು ಮುಚ್ಚಲು ಹೇಳಿದರು. ಬೀಳುವಷ್ಟರಲ್ಲಿ ಅವರೇ ಹಿಡಿದರು. ಮತ್ತೆ ಕೇಳಿದ್ದು ಎರಡೇ ಪ್ರಶ್ನೆ. "ಶುದ್ಧ ಸಸ್ಯಾಹಾರವಾ? ಗ್ಯಾಸಿನ ಮಾತ್ರೆ ಎಷ್ಟು ವರ್ಷದಿಂದ ತಿಂತೀರಿ?"

ಎರಡನೇ ಪ್ರಶ್ನೆಗೆ ಉತ್ತರ ಕೊಡಲು ನಾಚಿಕೆಯಾಯಿತು. ಹುಳಿತೇಗಿಗೆಂದು ಯಾರೋ ಹದಿನೈದು ದಿನಕ್ಕೆ ಬರೆದುಕೊಟ್ಟ ಮಾತ್ರೆಯನ್ನು ನಾನು ಆರು ವರ್ಷದಿಂದ ಅಂಗಡಿಯಿಂದ ತಂದು ದಿನಾ ಬೆಳಿಗ್ಗೆ ನುಂಗುತ್ತಿದ್ದೆ!

ರಕ್ತ ಪರೀಕ್ಷೆಯಲ್ಲಿ ಬಿ-12 ವಿಟಮಿನ್ 96 ಎಂದು ಬಂತು. 200ಕ್ಕಿಂತ ಕೆಳಗಿದ್ದರೆ ಕೊರತೆ ಎಂದು ಲೆಕ್ಕ.

ತಂತಿಯ ಮೇಲಿನ ಸಿಪ್ಪೆ

ನರ ಎಂದರೆ ಏನು ಎಂದು ಅರ್ಥಮಾಡಿಕೊಳ್ಳಲು ನಮಗೆ ಪಂಪುಸೆಟ್ಟಿನ ವಯರಿಗಿಂತ ಒಳ್ಳೆಯ ಉದಾಹರಣೆ ಬೇಡ. ಒಳಗೆ ತಂತಿ, ಮೇಲೆ ಸಿಪ್ಪೆ. ನಮ್ಮ ದೊಡ್ಡ ನರಗಳಿಗೂ ಹಾಗೇ ಕೊಬ್ಬಿನ ಅಂಶ ಹೆಚ್ಚಿರುವ ಒಂದು ಹೊದಿಕೆ ಇದೆ, ಮಯಲಿನ್ ಎನ್ನುತ್ತಾರೆ. ಅದು ಸರಿ ಇದ್ದರೆ ಸುದ್ದಿ ವೇಗವಾಗಿ, ತಪ್ಪದೆ ಹೋಗುತ್ತದೆ. ಹೊದಿಕೆ ಸವೆದರೆ ಸುದ್ದಿ ತಡವಾಗುತ್ತದೆ, ಚದುರುತ್ತದೆ, ಕೊನೆಗೆ ನಿಂತೇ ಹೋಗುತ್ತದೆ. ಈ ಹೊದಿಕೆಯ ರಿಪೇರಿಗೆ ಬಿ-12 ಬೇಕೇ ಬೇಕು.

ಜೋಮು ಕಾಲ ಬೆರಳಲ್ಲೇ ಯಾಕೆ ಶುರುವಾಗುತ್ತದೆ? ಸೊಂಟದಿಂದ ಹೆಬ್ಬೆರಳಿಗೆ ಹೋಗುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ. ಮೈಯಲ್ಲಿ ಇಷ್ಟುದ್ದದ್ದು ಬೇರೆ ಇಲ್ಲ. ಸ್ಪ್ರಿಂಕ್ಲರ್ ಲೈನಿನಲ್ಲಿ ಒತ್ತಡ ಕಮ್ಮಿಯಾದರೆ ಮೊದಲು ನಿಲ್ಲುವುದು ಕೊನೆಯ ಜೆಟ್ಟು ತಾನೇ? ಬಿ-12 ಕೊರತೆಯಾಗಲಿ, ಸಕ್ಕರೆ ಕಾಯಿಲೆಯಾಗಲಿ, ಕುಡಿತವಾಗಲಿ, ಮೊದಲು ಸುದ್ದಿ ಬರುವುದು ಕಾಲಬೆರಳಿನಿಂದಲೇ.

ಇನ್ನೊಂದು ಮಾತು. ಕಾಲು ಎಲ್ಲಿದೆ ಎಂಬ ಸುದ್ದಿ ಮಿದುಳಿಗೆ ಹೋಗುವುದು ಬೆನ್ನುಹುರಿಯ ಹಿಂಭಾಗದ ಎಳೆಗಳಲ್ಲಿ. ಬಿ-12 ಕೊರತೆ ಅವನ್ನೂ ಹಿಡಿಯುತ್ತದೆ. ಹಗಲು ಕಣ್ಣು ಆ ಕೆಲಸವನ್ನು ಸುಧಾರಿಸಿಕೊಡುತ್ತದೆ. ಕತ್ತಲಲ್ಲಿ, ಕಣ್ಣು ಮುಚ್ಚಿದಾಗ ಬಂಡವಾಳ ಬಯಲಾಗುತ್ತದೆ. ನನ್ನ ಬಚ್ಚಲ ಓಲಾಟಕ್ಕೆ ಕಾರಣ ಅದೇ.

ನನಗೆ ಕೊಟ್ಟಿದ್ದ ರಕ್ತದ ಮಾತ್ರೆಯಲ್ಲಿ ಕಬ್ಬಿಣದ ಜೊತೆ ಫೋಲಿಕ್ ಆಮ್ಲ ಇತ್ತು. ಅದು ರಕ್ತವನ್ನು ಸುಧಾರಿಸಿ ಬಿ-12 ಕೊರತೆಯನ್ನು ಮರೆಮಾಡುತ್ತದೆ, ನರದ ಸವೆತವನ್ನು ನಿಲ್ಲಿಸುವುದಿಲ್ಲ. ರಕ್ತ ಚೆನ್ನಾಗಿದೆ ಎಂದು ಸುಮ್ಮನಿದ್ದರೆ ಕಾಲು ಹೋಯಿತು ಎಂದೇ ಲೆಕ್ಕ. ಸುಸ್ತಿಗೆ ಮಾತ್ರೆ ತಿನ್ನುವ ಮೊದಲು ಪರೀಕ್ಷೆ ಮಾಡಿಸಬೇಕಿತ್ತು.

ಹಟ್ಟಿಯ ವಿಟಮಿನ್

ಈಗ ಕೃಷಿಕರಿಗೆ ರುಚಿಸುವ ವಿಷಯಕ್ಕೆ ಬರುತ್ತೇನೆ. ಬಿ-12 ಅನ್ನು ಗಿಡಮರಗಳು ತಯಾರಿಸುವುದಿಲ್ಲ. ಪ್ರಾಣಿಗಳೂ ತಯಾರಿಸುವುದಿಲ್ಲ! ಅದು ಬರೀ ಸೂಕ್ಷ್ಮಜೀವಿಗಳ ಕೆಲಸ. ದನದ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ಅದನ್ನು ಮಾಡುತ್ತವೆ, ದನ ಹೀರಿಕೊಳ್ಳುತ್ತದೆ, ಹಾಲಿನಲ್ಲಿ ನಮಗೆ ಬರುತ್ತದೆ. ನಮ್ಮ ದೊಡ್ಡ ಕರುಳಲ್ಲೂ ಅಂಥ ಜೀವಿಗಳಿವೆ. ಆದರೆ ಬಿ-12 ಹೀರುವ ಜಾಗ ಇರುವುದು ಅದಕ್ಕಿಂತ ಮೇಲೆ, ಸಣ್ಣ ಕರುಳಿನ ತುದಿಯಲ್ಲಿ. ಟ್ಯಾಂಕಿನ ಕೆಳಗೆ ಬಿದ್ದ ನೀರಿನ ಹಾಗೆ, ಇದ್ದೂ ಪ್ರಯೋಜನವಿಲ್ಲ.

ಈ ವಿಟಮಿನ್ನಿನ ನಡುಮಧ್ಯೆ ಕೋಬಾಲ್ಟ್ ಎಂಬ ಲೋಹದ ಒಂದು ಅಣು ಕೂತಿದೆ. 1930ರ ದಶಕದಲ್ಲಿ ಆಸ್ಟ್ರೇಲಿಯಾದ ಕರಾವಳಿಯ ಮರಳು ನೆಲದಲ್ಲಿ ಕುರಿಗಳು ಬೇಕಾದಷ್ಟು ಹಸಿರು ಹುಲ್ಲಿದ್ದರೂ ಸೊರಗಿ ಸಾಯುತ್ತಿದ್ದವು. ಹುಡುಕುತ್ತಾ ಹೋದಾಗ ಮಣ್ಣಿನಲ್ಲಿ ಕೋಬಾಲ್ಟ್ ಕೊರತೆ ಎಂದು ತಿಳಿಯಿತು. ಚೂರೇ ಚೂರು ಕೋಬಾಲ್ಟ್ ಉಣಿಸಿದ ಕುರಿಗಳು ಚೇತರಿಸಿಕೊಂಡವು. ಯಾಕೆ ಎನ್ನುವುದಕ್ಕೆ ಉತ್ತರ ಸಿಕ್ಕಿದ್ದು 1948ರಲ್ಲಿ ಬಿ-12 ಅನ್ನು ಬೇರ್ಪಡಿಸಿದ ಮೇಲೆ. ಡೊರೊತಿ ಹಾಡ್ಜ್‌ಕಿನ್ ಎಂಬ ವಿಜ್ಞಾನಿ ಎಕ್ಸ್-ರೇ ಬಳಸಿ ಅದರ ರಚನೆಯನ್ನು 1956ರ ಹೊತ್ತಿಗೆ ಬಿಡಿಸಿಟ್ಟರು, 1964ರಲ್ಲಿ ನೊಬೆಲ್ ಪಡೆದರು. ದನಗಳಿಗೆ ಕೊಡುವ ಖನಿಜ ಮಿಶ್ರಣದ ಚೀಲದ ಹಿಂದೆ ಕೋಬಾಲ್ಟ್ ಎಂದು ಬರೆದಿರುತ್ತದಲ್ಲ, ಅದು ಇದಕ್ಕೇ.

"ನಮ್ಮ ಹಿರಿಯರೂ ಸಸ್ಯಾಹಾರಿಗಳೇ ಅಲ್ಲವೋ, ಅವರಿಗೇನಾಗಿತ್ತು?" ಎಂದು ನಾನೂ ಡಾಕ್ಟ್ರಲ್ಲಿ ವಾದ ಮಾಡಿದೆ. ಮನೆಗೆ ಬಂದು ಯೋಚಿಸಿದಾಗ ಉತ್ತರ ಹಟ್ಟಿಯಲ್ಲೇ ಇತ್ತು. ಅಜ್ಜನ ಕಾಲಕ್ಕೆ ನಮ್ಮಲ್ಲಿ ಹನ್ನೆರಡು ದನ. ಊಟದ ಕೊನೆಗೆ ಗಟ್ಟಿ ಮೊಸರು, ರಾತ್ರಿ ಹಾಲು. ಕೆಲಸಕ್ಕೆ ಜನ ಸಿಗದೆ 2014ರಲ್ಲಿ ಕೊನೆಯ ಎರಡು ದನ ಕೊಟ್ಟೆವು. ಆಮೇಲೆ ದಿನಕ್ಕೆ ಅರ್ಧ ಲೀಟರಿನ ಒಂದು ಪ್ಯಾಕೆಟ್. ಐದು ಜನರ ಚಾ, ಕಾಫಿಗೆ ಮುಗಿದು ಉಳಿದದ್ದಕ್ಕೆ ಹೆಪ್ಪು. ಅದನ್ನು ಕಡೆದು ನೀರು ಹೊಯ್ದರೆ ಮಜ್ಜಿಗೆ ಎನ್ನುವ ಹೆಸರು ಮಾತ್ರ. ಲಿವರಿನಲ್ಲಿ ಬಿ-12ರ ದಾಸ್ತಾನು ಮೂರರಿಂದ ಐದು ವರ್ಷ ಬರುತ್ತದಂತೆ. ದನ ಕೊಟ್ಟದ್ದು 2014, ಚಪ್ಪಲಿ ಕಳಚಿದ್ದು 2019!

ಗ್ಯಾಸಿನ ಮಾತ್ರೆ ಈ ಲೆಕ್ಕವನ್ನು ಇನ್ನಷ್ಟು ಕೆಡಿಸಿತು. ಆಹಾರದಲ್ಲಿ ಅಂಟಿಕೊಂಡಿರುವ ಬಿ-12 ಬಿಡುಗಡೆಯಾಗಲು ಹೊಟ್ಟೆಯ ಆಮ್ಲ ಬೇಕು. ಆಮ್ಲವನ್ನೇ ವರ್ಷಗಟ್ಟಲೆ ಬಂದ್ ಮಾಡಿದರೆ? ಸಕ್ಕರೆ ಕಾಯಿಲೆಯವರು ತಿನ್ನುವ ಮೆಟ್‌ಫಾರ್ಮಿನ್ ಕೂಡ ಬಿ-12 ಹೀರುವುದನ್ನು ಕಮ್ಮಿ ಮಾಡುತ್ತದೆ. ಹಾಗಂತ ಆ ಮಾತ್ರೆಯನ್ನು ನೀವಾಗಿ ಬಿಡಬೇಡಿ, ಅದು ಬೇಕಾದದ್ದೇ. ವರ್ಷಕ್ಕೊಮ್ಮೆ ಬಿ-12 ನೋಡಿಸಬೇಕೇ ಎಂದು ಡಾಕ್ಟ್ರಲ್ಲಿ ಕೇಳಿ.

ಎಷ್ಟು ಬೇಕು? ದೊಡ್ಡವರಿಗೆ ದಿನಕ್ಕೆ ಎರಡರಿಂದ ಎರಡೂವರೆ ಮೈಕ್ರೋಗ್ರಾಂ. ಸಾಸಿವೆ ಕಾಳಿನ ಲೆಕ್ಕಕ್ಕೂ ಬಾರದಷ್ಟು. ಕಾಲು ಲೀಟರ್ ಹಾಲಿನಲ್ಲಿ ಸುಮಾರು ಒಂದು ಮೈಕ್ರೋಗ್ರಾಂ ಸಿಗುತ್ತದೆ. ಹಾಗಾಗಿ ದಿನಕ್ಕೆ ಎರಡು ದೊಡ್ಡ ಲೋಟ ಹಾಲು ಇಲ್ಲವೇ ನೀರು ಹಾಕದ ಮೊಸರು. ಬರೀ ಚಾಕ್ಕೆ ಬಿದ್ದ ಹಾಲು ಸಾಲದು. ಮೊಟ್ಟೆ ತಿನ್ನುವವರಿಗೆ ಅದರಿಂದ ಸ್ವಲ್ಪ ಸಿಗುತ್ತದೆ. ಬೂತಾಯಿ, ಬಂಗುಡೆ ತಿನ್ನುವವರಿಗೆ ಧಾರಾಳ ಸಿಗುತ್ತದೆ, ಅವರಿಗೆ ಈ ಚಿಂತೆ ಕಮ್ಮಿ. ಆದರೆ ಒಮ್ಮೆ ಕೊರತೆ ಬಂದ ಮೇಲೆ ಹಾಲು ಕುಡಿದು ತುಂಬಿಸುತ್ತೇನೆ ಎಂದರೆ ಆಗದು. ನನಗೆ ಇಂಜೆಕ್ಷನ್ನೇ ಬೇಕಾಯಿತು, ಮೊದಲು ದಿನ ಬಿಟ್ಟು ದಿನ, ಆಮೇಲೆ ವಾರಕ್ಕೊಂದು, ಮತ್ತೆ ತಿಂಗಳಿಗೊಂದು.

ನಮ್ಮಮ್ಮನಿಗೆ ಈ ಇಂಜೆಕ್ಷನ್ ಸಮಾಚಾರ ಒಪ್ಪಿಗೆಯಾಗಲಿಲ್ಲ. "ಒಂದೆಲಗದ ತಂಬುಳಿ ದಿನಾ ಉಣ್ಣು, ನರಕ್ಕೆ ಅದಕ್ಕಿಂತ ಬೇರೆ ಬೇಡ" ಎಂದಳು. ತಂಬುಳಿ ಈಗಲೂ ಉಣ್ಣುತ್ತೇನೆ, ಬಾಯಿಗೆ ಹಿತ. ಆದರೆ ಒಂದೆಲಗದಲ್ಲಿ ಬಿ-12 ಇಲ್ಲ. ಆ ತಂಬುಳಿಯಲ್ಲಿ ನರಕ್ಕೆ ಬೇಕಾದ ಈ ವಿಟಮಿನ್ ಇರುವುದು ಅದಕ್ಕೆ ಹಾಕಿದ ಮಜ್ಜಿಗೆಯಲ್ಲಿ!

ಕುಚ್ಚಲಕ್ಕಿಯ ಮಹಿಮೆ

ನರಕ್ಕೂ ಊಟಕ್ಕೂ ಸಂಬಂಧವಿದೆ ಎಂದು ಜಗತ್ತಿಗೆ ತೋರಿಸಿಕೊಟ್ಟದ್ದು ಕೋಳಿಗಳು. 1890ರ ದಶಕದಲ್ಲಿ ಜಾವಾದಲ್ಲಿದ್ದ ಐಕ್ಮನ್ ಎಂಬ ಡಚ್ ವೈದ್ಯರು ತಮ್ಮ ಪ್ರಯೋಗಾಲಯದ ಕೋಳಿಗಳ ಕಾಲು ಸೋಲುತ್ತಿದ್ದುದನ್ನು ಕಂಡರು. ಮನುಷ್ಯರಿಗೆ ಬರುವ ಬೆರಿಬೆರಿ ಎಂಬ ನರದ ಕಾಯಿಲೆಯ ಹಾಗೇ ಇತ್ತು. ಹುಡುಕಿದರೆ ಆ ಕೋಳಿಗಳಿಗೆ ಹಾಕುತ್ತಿದ್ದದ್ದು ಪಾಲಿಶ್ ಮಾಡಿದ ಬಿಳಿ ಅಕ್ಕಿ. ತವುಡು ಇರುವ ಅಕ್ಕಿ ಹಾಕಿದಾಗ ಸರಿಯಾದವು. ತವುಡಿನಲ್ಲಿದ್ದದ್ದು ಬಿ-1, ಥಯಮಿನ್. ಈ ಕೆಲಸಕ್ಕೆ 1929ರಲ್ಲಿ ಐಕ್ಮನ್ ಅವರಿಗೆ ನೊಬೆಲ್ ಬಂತು.

ನಮ್ಮ ಕುಚ್ಚಲಕ್ಕಿಯ ವಿಶೇಷ ಇರುವುದು ಇಲ್ಲೇ. ಭತ್ತವನ್ನು ಬೇಯಿಸುವಾಗ ತವುಡಿನ ಬಿ-1 ಅಕ್ಕಿಯ ಒಳಗೆ ಇಳಿಯುತ್ತದೆ. ಆಮೇಲೆ ಮಿಲ್ಲು ಮಾಡಿದರೂ ಒಂದಷ್ಟು ಉಳಿಯುತ್ತದೆ. ಗಂಜಿಯ ತೆಳಿಯನ್ನು ಚೆಲ್ಲದೆ ಉಂಡರೆ ನೀರಿಗೆ ಬಿಟ್ಟದ್ದೂ ಸಿಗುತ್ತದೆ. ಈಗಿನ ಮಕ್ಕಳಿಗೆ ಬೆಳ್ತಿಗೆ ಅನ್ನವೇ ಬೇಕು, ಅದೂ ಮಲ್ಲಿಗೆಯ ಹಾಗೆ ಬೆಳ್ಳಗೆ ಇರಬೇಕು. ನಾನು ಮನೆಯಲ್ಲಿ ಜಗಳ ಮಾಡಿ ಬೆಳಗ್ಗಿನ ಗಂಜಿಯೊಂದನ್ನು ಉಳಿಸಿಕೊಂಡಿದ್ದೇನೆ.

ಕುಡಿತದವರ ಕಾಲು ಸೋಲುವುದರಲ್ಲೂ ಬಿ-1 ಕೊರತೆಯ ಪಾಲಿದೆ. ಆ ವಿಷಯ ಬೆಳೆಸಿದರೆ ಪ್ರತ್ಯೇಕ ಲೇಖನವೇ ಆದೀತು.

ಮಿಶಿನ್ನೂ ಕುಕ್ಕರುಗಾಲೂ

ನನ್ನ ಜೋಮಿಗೆ ಕುಕ್ಕರುಗಾಲು ಕಾರಣವಲ್ಲ ಎಂದಾಯಿತು. ಆದರೆ ಅದರಿಂದ ಬರುವ ಬೇರೆ ತೊಂದರೆ ಇದೆ. ಮೊಣಕಾಲಿನ ಹೊರಬದಿಯಲ್ಲಿ, ಸ್ವಲ್ಪ ಕೆಳಗೆ, ಎಲುಬಿನ ಗಂಟೊಂದು ಕೈಗೆ ಸಿಗುತ್ತದೆ. ಪಾದವನ್ನು ಮೇಲೆತ್ತುವ ನರ ಆ ಗಂಟನ್ನು ಸುತ್ತಿ, ಚರ್ಮದ ಅಡಿಯಲ್ಲೇ ಹೋಗುತ್ತದೆ. ಗಂಟೆಗಟ್ಟಲೆ ಕುಕ್ಕರುಗಾಲಲ್ಲಿ ಕೂತರೆ ಅದು ಒತ್ತಿ ಜಖಂ ಆಗುತ್ತದೆ. ಆಗ ಪಾದ ಜೋತು ಬೀಳುತ್ತದೆ, ನಡೆದರೆ ಪಟಪಟ ಎಂದು ನೆಲಕ್ಕೆ ಬಡಿಯುತ್ತದೆ. ಸಸಿ ನೆಡುವವರಿಗೆ, ಕಳೆ ಕೀಳುವವರಿಗೆ, ಕಾಯಿ ಹೆಕ್ಕುವವರಿಗೆ ಇದು ಬರುವುದುಂಟು. ಒಂದು ಗೇಣು ಎತ್ತರದ ಮಣೆ ಸಾಕು, ಅಥವಾ ಅರ್ಧ ಗಂಟೆಗೊಮ್ಮೆ ಎದ್ದು ಹತ್ತು ಹೆಜ್ಜೆ ನಡೆಯಬೇಕು. ಕೆಲಸದವರು ಎದ್ದು ನಿಂತರೆ ಹೊತ್ತು ಹಾಳು ಎಂದು ಮುಖ ಸಿಂಡರಿಸುವ ಯಜಮಾನರು ನಮ್ಮಲ್ಲಿದ್ದಾರೆ, ಅವರಿಗೂ ಇದು ತಿಳಿದಿರಲಿ.

ಕೈಯ ಕತೆ ಬೇರೆ. ಹುಲ್ಲು ಹೆರೆಯುವ ಮಿಶಿನ್ ಬಂದ ಮೇಲೆ ಕತ್ತಿಯ ಕೆಲಸ ಕಮ್ಮಿಯಾಯಿತು, ಒಳ್ಳೆಯದೇ. ಆದರೆ ಅದರ ಅದುರಾಟ ಬೆರಳ ನರಗಳಿಗೂ ರಕ್ತನಾಳಗಳಿಗೂ ಪೆಟ್ಟು. ಇಡೀ ದಿನ ಮಿಶಿನ್ ಹಿಡಿದವನಿಗೆ ರಾತ್ರಿ ಬೆರಳು ಜುಂ ಎನ್ನುವುದು, ತಂಪಿಗೆ ಬೆರಳ ತುದಿ ಬಿಳಿಚಿಕೊಳ್ಳುವುದು, ಅಂಗಿಯ ಗುಬ್ಬಿ ಹಾಕಲು ಆಗದಿರುವುದು ಇದರ ಲಕ್ಷಣ. ಅಮೆರಿಕದ ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ 1918ರಲ್ಲೇ ಗಾಳಿ ಸುತ್ತಿಗೆ ಹಿಡಿದು ಕಲ್ಲು ಕೆತ್ತುವವರ ಬೆರಳಲ್ಲಿ ಇದನ್ನು ಕಂಡು ಬರೆದಿದ್ದರು. ನಮಗೆ ಈಗ ತೋಟದೊಳಗೆ ಬಂದಿದೆ.

ನಾನು ಮಾಡಿಕೊಂಡ ವ್ಯವಸ್ಥೆ ಇಷ್ಟು. ಒಬ್ಬನೇ ಒಂದೇ ಸಮನೆ ಮಿಶಿನ್ ಹಿಡಿಯುವುದಿಲ್ಲ. ಒಂದು ಟ್ಯಾಂಕ್ ಪೆಟ್ರೋಲು ಮುಗಿದರೆ ಬೇರೆಯವರಿಗೆ ಕೊಟ್ಟು ಸೋಗೆ ಎಳೆಯುವ ಕೆಲಸ. ಬ್ಲೇಡು ಮೊಂಡಾದರೆ, ಒಂದು ಬದಿ ತುಂಡಾದರೆ ಅದುರಾಟ ಹೆಚ್ಚು, ಆಗಲೇ ಬದಲಿಸುತ್ತೇನೆ. ಹಿಡಿಯ ರಬ್ಬರ್ ಸವೆದದ್ದನ್ನು ಹೊಸತು ಹಾಕಿಸಿದೆ. ಹಿಡಿಯನ್ನು ಕೊಲೆಗಾರನ ಹಾಗೆ ಬಿಗಿಹಿಡಿಯಬಾರದು, ತೂಕವನ್ನು ಹೆಗಲಪಟ್ಟಿಗೆ ಬಿಡಬೇಕು. ಕಿವಿಗೆ ಮುಚ್ಚಳ ಕಡ್ಡಾಯ. ಈ ಮಿಶಿನ್ನಿನ ಸದ್ದು ಕಿವಿಯ ಹತ್ತಿರ 90 ಡೆಸಿಬೆಲ್ ದಾಟುತ್ತದೆ. ಕಿವಿಯ ಮಾತು ಯಾಕೆ ಬಂತೆಂದು ಮುಂದೆ ಹೇಳುತ್ತೇನೆ.

'ಸೊಕ್ಕು' ಕಲಿಸುವ ಪಾಠ

ಎಳೆ ಅಡಿಕೆ ತಿಂದು ಸೊಕ್ಕಿದ ಅನುಭವ ನಮ್ಮಲ್ಲಿ ಯಾರಿಗಿಲ್ಲ? ಮೈ ಬಿಸಿಯಾಗಿ, ಬೆವರು ಕಿತ್ತುಬಂದು, ಬಾಯಲ್ಲಿ ನೀರು, ತಲೆ ಗಿರ್ರೆನ್ನುವುದು. ನರದ ತುದಿಯಲ್ಲಿ ಸುದ್ದಿ ದಾಟಿಸುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ವೇಷವನ್ನು ಅಡಿಕೆಯ ಅರೆಕೊಲಿನ್ ಹಾಕುವುದರಿಂದ ಹೀಗಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಇಳಿಯುತ್ತದೆ.

ಗೆದ್ದಲಿಗೆ, ಬೇರುಹುಳಕ್ಕೆ ಎಂದು ಹಲವರು ತಂದಿಟ್ಟುಕೊಳ್ಳುವ ಕ್ಲೋರ್‌ಪೈರಿಫಾಸ್‌ನಂಥ ವಿಷ ಮಾಡುವುದು ಇದೇ ದಾರಿಯ ಕೆಲಸ, ನೂರುಪಾಲು ಕ್ರೂರವಾಗಿ. ಸುದ್ದಿ ದಾಟಿದ ಮೇಲೆ ಅಸಿಟೈಲ್‌ಕೋಲಿನ್ ಅನ್ನು ಒರೆಸಿಹಾಕುವ ಕಿಣ್ವವನ್ನೇ ಅದು ಕಟ್ಟಿಹಾಕುತ್ತದೆ. ಸ್ವಿಚ್ಚು ಆನ್ ಆಗಿಯೇ ಉಳಿದ ಹಾಗೆ. ಹುಳ ಸಾಯುವುದು ಹೀಗೆ, ಮನುಷ್ಯನಿಗೂ ಅದೇ ನರ. ಹೊಡೆದು ಬಂದವರಿಗೆ ಬೆವರು, ಜೊಲ್ಲು, ತಲೆನೋವು, ಕಣ್ಣು ಮಂಜು, ಮಾಂಸ ಅದುರುವುದು ಕಂಡರೆ ಮಜ್ಜಿಗೆ ಕುಡಿಸಿ ಮಲಗಿಸಬೇಡಿ. ಬಟ್ಟೆ ಕಳಚಿಸಿ, ಮೈಯನ್ನು ಸೋಪು ಹಾಕಿ ತೊಳೆಸಿ, ವಿಷದ ಡಬ್ಬಿಯ ಲೇಬಲ್ ಸಮೇತ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಟ್ರೋಪಿನ್ ಎಂಬ ಮದ್ದು ಬೇಗ ಸಿಕ್ಕಿದರೆ ಜೀವ ಉಳಿಯುತ್ತದೆ.

ನರದ ಮೇಲೆ ಕೆಲಸ ಮಾಡುವ ವಿಷದ ಬೆಲೆ ನಮ್ಮ ಕಡೆಯವರಿಗೆ ಬೇರೆ ಯಾರೂ ಹೇಳಿಕೊಡಬೇಕಿಲ್ಲ. ಕಾಸರಗೋಡಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನನ್ನು ದೇಶದಲ್ಲಿ ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ.

ಎಲೆಯಡಿಕೆಗೆ ಹೊಗೆಸೊಪ್ಪು ಸೇರಿಸುವವರಿಗೆ ಒಂದೇ ಮಾತು. ಅದು ರಕ್ತನಾಳವನ್ನು ಬಿಗಿಯುತ್ತದೆ, ಮಿದುಳಿಗೂ ರಕ್ತವೇ ಆಹಾರ. ಅಡಿಕೆ ಬೆಳೆಯುವವನೇ ಹೀಗೆ ಬರೆಯುವುದೇ ಎನ್ನಬೇಡಿ, ನಾನೂ ಮೂವತ್ತು ವರ್ಷ ತಿಂದು ಬಿಟ್ಟವ.

ಅಮ್ಮನ ಮರೆವು

ನನ್ನ ಪರೀಕ್ಷೆ ಆದ ಮೇಲೆ ಮನೆಯವರೆಲ್ಲರ ಬಿ-12 ನೋಡಿಸಿದೆವು. ಒಂದೇ ಒಲೆಯ ಊಟ ತಾನೇ? ನಮ್ಮಮ್ಮನಿಗೆ ಆಗ 78. ಸಾಂಬಾರಿಗೆ ಎರಡು ಸಲ ಉಪ್ಪು ಹಾಕುವುದು, ಕೇಳಿದ್ದನ್ನೇ ಕೇಳುವುದು, ನೆಂಟರು ಬಂದರೆ ಒಳಗೆ ಹೋಗಿ ಕೂರುವುದು ಶುರುವಾಗಿತ್ತು. ಪ್ರಾಯವಾಯಿತು, ಅರಳುಮರಳು ಎಂದು ಬಿಟ್ಟಿದ್ದೆವು. ಅವಳ ಬಿ-12 ನನ್ನದಕ್ಕಿಂತಲೂ ಕೆಳಗಿತ್ತು.

ಇಂಜೆಕ್ಷನ್ ಆದ ಮೇಲೆ ಅವಳ ಸುಸ್ತು ಹೋಯಿತು, ಮುಖದಲ್ಲಿ ಕಳೆ ಬಂತು. ಮರೆವು ಸ್ವಲ್ಪ ಮಾತ್ರ ಸುಧಾರಿಸಿತು. ಉಳಿದದ್ದಕ್ಕೆ ಕಾರಣ ತಿಳಿದದ್ದು ಕಿವಿ ಪರೀಕ್ಷೆ ಮಾಡಿಸಿದಾಗ. ಅವಳಿಗೆ ನಾವು ಹೇಳಿದ ಅರ್ಧ ಮಾತು ಕೇಳಿಸುತ್ತಲೇ ಇರಲಿಲ್ಲ! ಕೇಳಿಸದ್ದನ್ನು ನೆನಪಿಡುವುದು ಹೇಗೆ? ಕಿವಿಗೆ ಯಂತ್ರ ಹಾಕಿಸಿದೆವು. ಮೊದಲ ತಿಂಗಳು ಅದು ಡಬ್ಬಿಯಲ್ಲೇ ಇತ್ತು, "ಪಾತ್ರೆ ಸದ್ದು ತಲೆಗೆ ಹೊಡೆಯುತ್ತದೆ" ಎಂದು. ಮೊಮ್ಮಗಳು ದಿನಾ ಅರ್ಧ ಗಂಟೆ, ಒಂದು ಗಂಟೆ ಎಂದು ರೂಢಿ ಮಾಡಿಸಿದಳು. ಈಗ ನೆಂಟರು ಬಂದರೆ ಅಮ್ಮ ಜಗಲಿಗೆ ಬರುತ್ತಾಳೆ.

ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆ ನೇಮಿಸಿದ ತಜ್ಞರ ತಂಡ 2024ರಲ್ಲಿ ಒಂದು ವರದಿ ಕೊಟ್ಟಿತು. ಮರೆವಿನ ಕಾಯಿಲೆಗೆ ಕಾರಣವಾಗುವ, ನಾವು ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿ, ಅವನ್ನೆಲ್ಲ ಸರಿಮಾಡಿದರೆ ಜಗತ್ತಿನ ಈ ಕಾಯಿಲೆಯಲ್ಲಿ ಸುಮಾರು ಶೇಕಡಾ 45ರಷ್ಟನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದು ಎಂದಿತು. ಕಿವಿ ಮಂದವಾಗುವುದು ಆ ಪಟ್ಟಿಯಲ್ಲಿ ದೊಡ್ಡದು. ಕಣ್ಣು ಮಂದವಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಧೂಮಪಾನ, ತಲೆಗೆ ಪೆಟ್ಟು, ಒಂಟಿತನ, ಮೈ ಅಲುಗಾಡದಿರುವುದು ಎಲ್ಲ ಅದರಲ್ಲಿದೆ. ಮರದಿಂದ ಬಿದ್ದವರು, ಹೆಲ್ಮೆಟ್ ಇಲ್ಲದೆ ಬೈಕಿನಿಂದ ಬಿದ್ದವರು ನಮ್ಮ ಊರಲ್ಲೇ ಎಷ್ಟು ಜನ!

ಒಂದೇ ಅಭ್ಯಾಸ ಹಿಡಿದರೆ ಸಾಲದು ಎನ್ನುವುದಕ್ಕೆ ಫಿನ್‌ಲ್ಯಾಂಡಿನ ಒಂದು ಪ್ರಯೋಗ ಒಳ್ಳೆಯ ಸಾಕ್ಷಿ. 60ರಿಂದ 77 ವರ್ಷದ 1,260 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಬರೀ ಸಲಹೆ. ಇನ್ನೊಂದಕ್ಕೆ ಊಟದ ಕ್ರಮ, ವ್ಯಾಯಾಮ, ಮಿದುಳಿಗೆ ಕಸರತ್ತು, ಬಿಪಿ-ಸಕ್ಕರೆಯ ನಿಗಾ ಎಲ್ಲ ಒಟ್ಟಿಗೆ, ಎರಡು ವರ್ಷ. 2015ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡನೇ ಗುಂಪಿನವರ ಚುರುಕು ಹೆಚ್ಚಿತ್ತು. ಭಾರೀ ವ್ಯತ್ಯಾಸವೇನಲ್ಲ, ಆದರೆ ಇತ್ತು. ಮದ್ದಿಲ್ಲದೆ ಬಂದದ್ದು ಎಂದಾಗ ಬೆಲೆ ಬರುತ್ತದೆ.

ತೋಟದಲ್ಲಿ ನಡೆಯುವವರಿಗೆ ವ್ಯಾಯಾಮ ಬೇರೆ ಬೇಕಾ ಎಂದು ಕೇಳುತ್ತಾರೆ. ನಿಜವಾಗಿ ನಡೆಯುವವರಿಗೆ ಬೇಡ. ಆದರೆ ನಮ್ಮಲ್ಲಿ ಹಲವರು ಈಗ ತೋಟಕ್ಕೂ ಬೈಕಿನಲ್ಲೇ ಹೋಗುವುದು.

ಊಟದಲ್ಲಿ ನಮ್ಮ ಕಡೆಯ ದೊಡ್ಡ ತಪ್ಪು ಉಪ್ಪು. ಮಿಡಿ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಉಪ್ಪುಸೊಳೆ. ಮಳೆಗಾಲವಿಡೀ ಇದರಲ್ಲೇ. ದಿನಕ್ಕೆ ಒಟ್ಟು 5 ಗ್ರಾಂ, ಅಂದರೆ ಒಂದು ಸಣ್ಣ ಚಮಚದ ಒಳಗೆ ಉಪ್ಪು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಪಿ ಏರಿದ್ದು ನಮಗೆ ಗೊತ್ತಾಗುವುದಿಲ್ಲ, ಅದು ಮಿದುಳಿನ ಸಣ್ಣ ರಕ್ತನಾಳಗಳನ್ನು ಸದ್ದಿಲ್ಲದೆ ಹಾಳು ಮಾಡುತ್ತದೆ. ನಾವೀಗ ಉಪ್ಪುಸೊಳೆಯನ್ನು ಎರಡು ನೀರಲ್ಲಿ ನೆನೆಸಿ ಹಿಂಡಿ ಬಳಸುತ್ತೇವೆ, ಮಜ್ಜಿಗೆಗೆ ಉಪ್ಪು ಹಾಕುವುದಿಲ್ಲ.

ನಿದ್ದೆಯ ವಿಷಯ ನಮಗೆ ಕರೆಂಟಿನ ವಿಷಯವೂ ಹೌದು. ತ್ರೀ ಫೇಸ್ ರಾತ್ರಿ ಒಂದಕ್ಕೋ ಎರಡಕ್ಕೋ ಬಂದರೆ ಎದ್ದು ಹೋಗಿ ಪಂಪು ಹಾಕಿ, ಗೇಟ್‌ವಾಲ್ವ್ ತಿರುಗಿಸಿ, ಮತ್ತೆ ನಾಲ್ಕಕ್ಕೆ ಎದ್ದು ಬದಲಿಸಿ ವರ್ಷಗಟ್ಟಲೆ ಕಳೆದಿದ್ದೇವೆ. ದಿನವಿಡೀ ಕಲಿತದ್ದನ್ನು ಮಿದುಳು ಗಟ್ಟಿ ಮಾಡಿಕೊಳ್ಳುವುದು ನಿದ್ದೆಯಲ್ಲಿ, ತುಂಡುತುಂಡು ನಿದ್ದೆ ಅದಕ್ಕೆ ಸಾಲದು. ಆಟೋ ಸ್ಟಾರ್ಟರ್, ಟೈಮರ್ ಹಾಕಿಸಿದ ಮೇಲೆ ನನಗೆ ಆರೂವರೆ ಗಂಟೆ ಒಟ್ಟಿಗೆ ನಿದ್ದೆ ಸಿಗುತ್ತಿದೆ. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರು ಮನೆಯಲ್ಲಿದ್ದರೆ ಅದನ್ನು ತಮಾಷೆ ಮಾಡದೆ ಡಾಕ್ಟ್ರಿಗೆ ತೋರಿಸಿ.

ಗಂಟೆ ನೋಡಿಕೊಳ್ಳಿ

ನಮ್ಮ ಹತ್ತಿರದ ಮನೆಯ ಹಿರಿಯರೊಬ್ಬರಿಗೆ ಬೆಳಿಗ್ಗೆ ಕಾಫಿ ಕುಡಿಯುವಾಗ ಬಾಯಿ ಒಂದು ಬದಿಗೆ ವಾಲಿತು, ಲೋಟ ಕೈಯಿಂದ ಜಾರಿತು, ಮಾತು ತೊದಲಿತು. ವಾಯು ಎಂದು ಎಣ್ಣೆ ತಿಕ್ಕಿದರು. ಆಸ್ಪತ್ರೆಗೆ ಹೋದದ್ದು ಮಧ್ಯಾಹ್ನ ಮೂರಕ್ಕೆ. ಅವರ ಬಲಗೈ ಮತ್ತೆ ಕತ್ತಿ ಹಿಡಿಯಲಿಲ್ಲ. ಮಿದುಳಿನಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಇಂಜೆಕ್ಷನ್ ಇದೆ, ಆದರೆ ಲಕ್ಷಣ ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಅದಕ್ಕೆ ಮೊದಲು ಸ್ಕ್ಯಾನ್ ಆಗಬೇಕು. ಹಾಗಾಗಿ ಬಾಯಿ ವಾಲಿತೇ, ಎರಡೂ ಕೈ ಎತ್ತಲು ಹೇಳಿದಾಗ ಒಂದು ಕೆಳಗಿಳಿಯಿತೇ, ಮಾತು ತೊದಲಿತೇ, ನೋಡಿ. ಯಾವುದಾದರೂ ಒಂದಿದ್ದರೆ ಗಂಟೆ ಎಷ್ಟೆಂದು ಬರೆದುಕೊಂಡು ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರ ಹೊರಡಿ. ನಿಮ್ಮ ಮನೆಯಿಂದ ಅದು ಎಲ್ಲಿದೆ, ಎಷ್ಟು ಹೊತ್ತು ಬೇಕು ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.

ನನ್ನ ಕಾಲಿನ ಸಮಾಚಾರ ಹೇಳಿ ಮುಗಿಸುತ್ತೇನೆ. ಇಂಜೆಕ್ಷನ್ ಶುರುವಾದ ಎರಡು ತಿಂಗಳಿಗೆ ಓಲಾಟ ನಿಂತಿತು. ಗೆಣ್ಣಿನ ಜೋಮು ಇಳಿಯಲು ಒಂದು ವರ್ಷ ಹಿಡಿಯಿತು. ಎಡಗಾಲಿನ ಮೂರು ಬೆರಳು ಮಾತ್ರ ಈಗಲೂ ಮರದ ತುಂಡಿನ ಹಾಗೆ ಇದೆ, ಅದು ಇನ್ನು ಬರಲಿಕ್ಕಿಲ್ಲ ಎಂದಿದ್ದಾರೆ ಡಾಕ್ಟ್ರು. ಆರು ತಿಂಗಳು ಮೊದಲು ಹೋಗಿದ್ದರೆ ಬರುತ್ತಿತ್ತೋ ಏನೋ. ಗ್ಯಾಸಿನ ಮಾತ್ರೆಯನ್ನು ಅವರನ್ನೇ ಕೇಳಿ ಹಂತಹಂತವಾಗಿ ಬಿಟ್ಟೆ, ರಾತ್ರಿ ಊಟವನ್ನು ಏಳೂವರೆಗೆ ತಂದೆ. ಸಂಕಕ್ಕೆ ಬಿದಿರಿನ ಕೈತಾಂಗು ಕಟ್ಟಿದ್ದೇನೆ. ಹಟ್ಟಿಗೆ ಒಂದು ಮಲೆನಾಡು ಗಿಡ್ಡ ಬಂದಿದೆ, ಹಾಲು ಎರಡು ಹೊತ್ತು ಸೇರಿ ಒಂದೂವರೆ ಲೀಟರ್. ರಾತ್ರಿ ಕಾಲು ತೊಳೆದ ಮೇಲೆ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಮುಳ್ಳು, ಗಾಯ ಇದೆಯೋ ಎಂದು ನೋಡುತ್ತೇನೆ. ಹೋದ ತಿಂಗಳು ಒಂದು ಮುಳ್ಳು ಸಿಕ್ಕಿತು. ಯಾವಾಗ ಚುಚ್ಚಿತ್ತೋ ಗೊತ್ತಿಲ್ಲ.